ನ್ಯಾನೋ ಲ್ಯಾಬ್‌ಗೆ ಯಂತ್ರ ತಂದರೆ ಸಾಕೇ? ಗದಗ ಜಿಲ್ಲೆಯವರಿಗೆ ಅದರಲ್ಲಿ ಪಾಲಿದೆಯೇ?

ಸಂಕ್ಷಿಪ್ತವಾಗಿ

• ನ್ಯಾನೋ ವಿಜ್ಞಾನದ ಯಂತ್ರಗಳು ದುಬಾರಿ. ಆದ್ದರಿಂದ ಹಲವು ಕಾಲೇಜು, ಕಂಪನಿ, ಸಂಶೋಧಕರು ಸೇರಿ ಬಳಸುವ ಹಂಚಿಕೆಯ ಲ್ಯಾಬ್‌ಗಳನ್ನು ಕಟ್ಟುತ್ತಾರೆ.
• ಇಂಥ ಲ್ಯಾಬ್ ಉಳಿಯುವುದು ಯಂತ್ರದ ಬೆಲೆಯಿಂದಲ್ಲ. ನೆಲ, ಕರೆಂಟು, ನೀರು, ತಂತ್ರಜ್ಞರು, ದುರಸ್ತಿಯ ಹಣ ಮತ್ತು ಸರದಿಯ ನಿಯಮದಿಂದ.
• ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವಿದ್ಯಾರ್ಥಿಗಳಿಗೆ ಧಾರವಾಡ ಮತ್ತು ಬೆಂಗಳೂರಿನ ಇಂಥ ಲ್ಯಾಬ್‌ಗಳು ಈಗಲೇ ತೆರೆದಿವೆ.

2016ರ ನವೆಂಬರ್‌ನಲ್ಲಿ ಒಂದು ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು: ಹೊಸ 2,000 ರೂಪಾಯಿ ನೋಟಿನಲ್ಲಿ ‘ನ್ಯಾನೋ ಜಿಪಿಎಸ್ ಚಿಪ್’ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು. ಅದು ಸುಳ್ಳು. ಬ್ಯಾಟರಿಯಿಲ್ಲದ ಕಾಗದದ ಚೂರು ಉಪಗ್ರಹದ ಜೊತೆ ಮಾತಾಡಲಾರದು. ಜಿಪಿಎಸ್ ಎಂಬುದು ಉಪಗ್ರಹದಿಂದ ಬರುವ ಸಂಕೇತವನ್ನು ಕೇಳಿಸಿಕೊಳ್ಳುವ ವ್ಯವಸ್ಥೆ, ಅದು ತಾನಾಗಿ ಏನನ್ನೂ ವಾಪಸ್ ಕಳಿಸುವುದಿಲ್ಲ.

ನೋಟಿನ ಸುದ್ದಿ ತಣ್ಣಗಾಯಿತು. ಆದರೆ ‘ನ್ಯಾನೋ’ ಎಂಬ ಪದ ಮಾರುಕಟ್ಟೆಯಲ್ಲಿ ಉಳಿಯಿತು. ನೀರಿನ ಫಿಲ್ಟರ್, ಬಣ್ಣ, ಗೊಬ್ಬರ, ಮುಖಕ್ಕೆ ಹಚ್ಚುವ ಕ್ರೀಮ್ ಎಲ್ಲದರ ಮೇಲೂ ಆ ಪದ ಕಾಣುತ್ತದೆ. ಇವುಗಳಲ್ಲಿ ಕೆಲವು ನಿಜ, ಕೆಲವು ಬರೀ ಹೆಸರು. ಯಾವುದು ನಿಜ ಎಂದು ಪರೀಕ್ಷಿಸುವುದು ಎಲ್ಲಿ? ಅಂಥ ಜಾಗ ಕಟ್ಟಲು ಏನೇನು ಬೇಕು? ನಮ್ಮ ಜಿಲ್ಲೆಯವರು ಅಲ್ಲಿಗೆ ಹೋಗಬಹುದೇ? ಈ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನ್ಯಾನೋ ಎಂದರೆ ಎಷ್ಟು ಸಣ್ಣದು?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000ದಿಂದ 1,00,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣ ಎನ್ನುತ್ತಾರೆ.

ಕಾಲೇಜಿನಲ್ಲಿ ನಾವು ನೋಡಿದ ಮೈಕ್ರೋಸ್ಕೋಪ್ ಬೆಳಕಿನಿಂದ ಕೆಲಸ ಮಾಡುತ್ತದೆ. ಸುಮಾರು 200 ನ್ಯಾನೋಮೀಟರ್‌ಗಿಂತ ಸಣ್ಣ ವಿವರ ಅದರಲ್ಲಿ ಬಿಡಿಯಾಗಿ ಕಾಣದು. ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಬೆಳಕಿನ ಅಲೆಯ ಉದ್ದವೇ ಅಡ್ಡ ಬರುತ್ತದೆ. ಅದಕ್ಕಿಂತ ಸಣ್ಣದನ್ನು ನೋಡಲು ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನು ಹಾಯಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದರಲ್ಲಿ ಎರಡು ಮುಖ್ಯ ಬಗೆ. ಒಂದು ವಸ್ತುವಿನ ಮೇಲ್ಮೈ ತೋರಿಸುತ್ತದೆ, ಅದಕ್ಕೆ ಎಸ್‌ಇಎಂ ಎನ್ನುತ್ತಾರೆ. ಇನ್ನೊಂದು ತೆಳುವಾದ ಮಾದರಿಯ ಮೂಲಕವೇ ಎಲೆಕ್ಟ್ರಾನ್ ಹಾಯಿಸಿ ಒಳಗಿನ ರಚನೆ ತೋರಿಸುತ್ತದೆ, ಅದು ಟಿಇಎಂ. ಇವುಗಳ ಬೆಲೆ ಹಲವು ಲಕ್ಷದಿಂದ ಹಲವು ಕೋಟಿ ರೂಪಾಯಿವರೆಗೆ ಇರುತ್ತದೆ.

ಪ್ರತಿ ಕಾಲೇಜಿಗೂ ಒಂದೊಂದು ಯಾಕೆ ಬೇಡ?

ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಜೋಳದ ರೊಟ್ಟಿ ಬೇಯುತ್ತದೆ. ಆದರೆ ಎಲ್ಲರ ಮನೆಯಲ್ಲೂ ಹಿಟ್ಟಿನ ಗಿರಣಿ ಇಲ್ಲ. ಓಣಿಗೊಂದು ಗಿರಣಿ ಇದ್ದರೆ ಸಾಕು, ದಿನವಿಡೀ ತಿರುಗುತ್ತದೆ, ಕೆಟ್ಟರೆ ರಿಪೇರಿ ಮಾಡುವವನೂ ಇರುತ್ತಾನೆ. ಮನೆಗೊಂದು ಗಿರಣಿ ಇಟ್ಟರೆ ಹೆಚ್ಚು ಹೊತ್ತು ಅದು ಸುಮ್ಮನೆ ನಿಂತಿರುತ್ತದೆ. ಹಂಚಿಕೆಯ ಲ್ಯಾಬ್‌ನ ಲೆಕ್ಕವೂ ಇದೇ. ಒಂದು ಕಾಲೇಜಿನಲ್ಲಿ ಟಿಇಎಂಗೆ ತಿಂಗಳಿಗೆ ನಾಲ್ಕು ದಿನದ ಕೆಲಸ ಇರಬಹುದು. ಹತ್ತು ಕಾಲೇಜು ಸೇರಿದರೆ ಅದಕ್ಕೆ ಬಿಡುವೇ ಇರುವುದಿಲ್ಲ.

ಈ ಯೋಚನೆ ಗದಗಕ್ಕೆ ಹೊಸದೇನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನೋಂದಣಿಯಾದದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಒಬ್ಬೊಬ್ಬ ರೈತನಿಗೆ ಸಿಗದ ಸಾಲವನ್ನು ಹತ್ತು ಮಂದಿ ಸೇರಿ ದಕ್ಕಿಸಿಕೊಂಡರು. ಒಬ್ಬೊಬ್ಬ ವಿದ್ಯಾರ್ಥಿಗೆ ಸಿಗದ ಯಂತ್ರವನ್ನು ಹತ್ತು ಸಂಸ್ಥೆ ಸೇರಿ ದಕ್ಕಿಸಿಕೊಳ್ಳುವುದು ಅದೇ ದಾರಿ.

ಹೊರದೇಶದಲ್ಲೂ ಇದೇ ನಡೆದಿದೆ. ಅಮೆರಿಕ 1977ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ದೇಶದ ಯಾವ ಸಂಶೋಧಕನಾದರೂ ಬಂದು ಬಳಸಬಹುದಾದ ಸೂಕ್ಷ್ಮ ರಚನೆಗಳ ಕೇಂದ್ರ ಆರಂಭಿಸಿತು. 2015ರಲ್ಲಿ ಅದೇ ಮಾದರಿ 16 ತಾಣಗಳ ರಾಷ್ಟ್ರೀಯ ಜಾಲವಾಗಿ ಮುಂದುವರಿಯಿತು.

ಕರ್ನಾಟಕದಲ್ಲಿ ಏನೇನಿದೆ?

ಕೇಂದ್ರ ಸರ್ಕಾರ 2007ರಲ್ಲಿ ‘ನ್ಯಾನೋ ಮಿಷನ್’ ಆರಂಭಿಸಿತು. ಐದು ವರ್ಷಕ್ಕೆ 1,000 ಕೋಟಿ ರೂಪಾಯಿ ತೆಗೆದಿರಿಸಿತ್ತು. ಅದರ ಮಂಡಳಿಯ ಅಧ್ಯಕ್ಷರಾಗಿದ್ದವರು ಕನ್ನಡಿಗ ವಿಜ್ಞಾನಿ ಸಿ.ಎನ್.ಆರ್. ರಾವ್.

2008ರಲ್ಲಿ ‘ಇಂಡಿಯನ್ ನ್ಯಾನೋ ಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಮ್’ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಐಐಟಿ ಬಾಂಬೆಯ ಲ್ಯಾಬ್‌ಗಳನ್ನು ದೇಶದ ಬೇರೆ ಕಾಲೇಜುಗಳ ಸಂಶೋಧಕರಿಗೂ ತೆರೆಯುವುದೇ ಇದರ ಕೆಲಸ. ಮೊದಲು ಪರಿಚಯದ ಕಾರ್ಯಾಗಾರ, ಆಮೇಲೆ ಕೈಯಾರೆ ತರಬೇತಿ, ಕೊನೆಗೆ ಒಳ್ಳೆಯ ಪ್ರಸ್ತಾವ ಇದ್ದವರಿಗೆ ಅಲ್ಲೇ ಪ್ರಯೋಗ ಮಾಡುವ ಅವಕಾಶ. ಮುಂದೆ ಈ ಕಾರ್ಯಕ್ರಮ ಇನ್ನಷ್ಟು ಐಐಟಿಗಳಿಗೂ ವಿಸ್ತರಿಸಿತು. ಐಐಎಸ್‌ಸಿಯಲ್ಲಿ ಈ ಕೆಲಸದ ನೆಲೆ 2010ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ. ಅಲ್ಲಿ ಸುಮಾರು 14,000 ಚದರ ಅಡಿಯ ಕ್ಲೀನ್‌ರೂಮ್ ಇದೆ.

ಗದಗಕ್ಕೆ ಹತ್ತಿರದ್ದು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದ ‘ಸೈಫ್’ ಇದೆ, ಅಂದರೆ ಅತ್ಯಾಧುನಿಕ ವಿಶ್ಲೇಷಣಾ ಉಪಕರಣಗಳ ಕೇಂದ್ರ. ಗದಗ ಜಿಲ್ಲೆಯ ಪದವಿ ಕಾಲೇಜುಗಳು ಸೇರಿರುವುದು ಇದೇ ವಿಶ್ವವಿದ್ಯಾಲಯಕ್ಕೆ. ಗದಗದಿಂದ ದೂರ ಸುಮಾರು 80 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿದರೆ ಮಾದರಿ ಕೊಟ್ಟು ಸಂಜೆಗೆ ಊರು ಸೇರಬಹುದು.

ಯಾವ ಯಂತ್ರ ಯಾವ ಊರಲ್ಲಿದೆ ಎಂದು ತಿಳಿಯಲು ‘ಐ-ಸ್ಟೆಮ್’ ಎಂಬ ರಾಷ್ಟ್ರೀಯ ಜಾಲತಾಣವಿದೆ. 2020ರ ಜನವರಿ 3ರಂದು ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ಇದನ್ನು ಉದ್ಘಾಟಿಸಿದರು. ಸರ್ಕಾರದ ಹಣದಿಂದ ಕೊಂಡ ಸಾವಿರಾರು ಉಪಕರಣಗಳ ಪಟ್ಟಿ ಅಲ್ಲಿದೆ, ಅಲ್ಲೇ ಸರದಿ ಕಾಯ್ದಿರಿಸಬಹುದು.

ಲ್ಯಾಬ್ ಕಟ್ಟುವ ಮುನ್ನ ಯೋಚಿಸಬೇಕಾದ ಏಳು ಸಂಗತಿ

‘ನಮ್ಮ ಜಿಲ್ಲೆಗೂ ಒಂದು ನ್ಯಾನೋ ಲ್ಯಾಬ್ ಕೊಡಿ’ ಎಂದು ಕೇಳುವುದು ಸುಲಭ, ಕೇಳುವುದರಲ್ಲಿ ತಪ್ಪೂ ಇಲ್ಲ. ಆದರೆ ಕೇಳುವಾಗ ಏನನ್ನು ಕೇಳುತ್ತಿದ್ದೇವೆ ಎಂದು ಗೊತ್ತಿರಬೇಕು. ಗದಗ-ಬೆಟಗೇರಿಯಲ್ಲೇ ಒಂದು ಕಟ್ಟಬೇಕು ಎಂದುಕೊಂಡು ನೋಡೋಣ.

1. ಬಳಸುವವರು ಯಾರು? ಮೊದಲು ಎಣಿಸಬೇಕಾದದ್ದು ಯಂತ್ರಗಳನ್ನಲ್ಲ, ಜನರನ್ನು. ಯಾವ ಕಾಲೇಜಿನ ಎಷ್ಟು ಮಂದಿ, ಯಾವ ಪ್ರಶ್ನೆಗಾಗಿ, ವರ್ಷಕ್ಕೆ ಎಷ್ಟು ಮಾದರಿ ತರುತ್ತಾರೆ? ಈ ಪಟ್ಟಿ ಇಲ್ಲದೆ ಕೊಂಡ ಯಂತ್ರಕ್ಕೆ ಉದ್ಘಾಟನೆಯ ದಿನ ಬಿಟ್ಟರೆ ಕೆಲಸ ಇರುವುದಿಲ್ಲ.

2. ನೆಲ ಅಲುಗಾಡುತ್ತದೆಯೇ? ಅತಿ ಸೂಕ್ಷ್ಮ ಯಂತ್ರಗಳಿಗೆ ನೆಲದ ಕಂಪನದ ವೇಗ ಸೆಕೆಂಡಿಗೆ ಸುಮಾರು 3 ಮೈಕ್ರೋಮೀಟರ್ ಮೀರಬಾರದು. ಲಾರಿ ಹೋದರೆ, ಪಕ್ಕದ ಕೋಣೆಯಲ್ಲಿ ಪಂಪ್ ತಿರುಗಿದರೆ ಚಿತ್ರ ಕದಲುತ್ತದೆ. ಗದಗ ರೈಲ್ವೆ ಜಂಕ್ಷನ್. ಚಲಿಸುವ ರೈಲಿನ ಕಬ್ಬಿಣ ಮತ್ತು ಅದರ ವಿದ್ಯುತ್ತು ಸುತ್ತಲಿನ ಕಾಂತಕ್ಷೇತ್ರವನ್ನೂ ಬದಲಿಸುತ್ತವೆ, ಎಲೆಕ್ಟ್ರಾನ್ ಕಿರಣ ಅದಕ್ಕೆ ಬಾಗುತ್ತದೆ. ಜೊತೆಗೆ ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ಗೋಡೆಯೇ ಸೀಳು ಬಿಡುವ ಕಡೆ ಇಂಥ ಯಂತ್ರಕ್ಕೆ ಆಳದ ಅಡಿಪಾಯ ಮತ್ತು ಕಟ್ಟಡದಿಂದ ಬೇರೆಯಾದ ಕಾಂಕ್ರೀಟ್ ಹಾಸು ಬೇಕು. ಆದ್ದರಿಂದ ಜಾಗ ಆರಿಸುವ ಮುನ್ನ ಕಂಪನವನ್ನೂ ಕಾಂತಕ್ಷೇತ್ರವನ್ನೂ ಅಳೆಯಬೇಕು, ಮಣ್ಣು ಪರೀಕ್ಷೆಯೂ ಆಗಬೇಕು. ಯಾರೋ ಜಾಗ ದಾನ ಕೊಟ್ಟರು ಎಂಬುದು ಸಾಲದು.

3. ಗಾಳಿ ಎಷ್ಟು ಶುದ್ಧ? ಚಿಪ್ ಮಾಡುವ ಕ್ಲೀನ್‌ರೂಮ್‌ಗೆ ದರ್ಜೆಗಳಿವೆ. ‘ಕ್ಲಾಸ್ 100’ ಎಂದರೆ ಒಂದು ಘನ ಅಡಿ ಗಾಳಿಯಲ್ಲಿ, ಅಂದರೆ ಸುಮಾರು 28 ಲೀಟರಿನಲ್ಲಿ, ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100 ಮೀರುವಂತಿಲ್ಲ. ನಾವು ಕೂತಿರುವ ಕೋಣೆಯಲ್ಲಿ ಅವು ಲಕ್ಷಗಟ್ಟಲೆ ಇರುತ್ತವೆ. ಇದಕ್ಕಾಗಿ ಫಿಲ್ಟರ್ ಮೂಲಕ ಗಾಳಿ ಹಗಲಿರುಳು ಹರಿಯುತ್ತಿರಬೇಕು. ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಹಚ್ಚುತ್ತೇವೆ ಎಂದರೆ ನಡೆಯದು.

4. ಕರೆಂಟು ಮತ್ತು ನೀರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ ಎಂದ ಮಾತ್ರಕ್ಕೆ ಲ್ಯಾಬ್‌ನ ಕರೆಂಟು ಹೋಗುವುದಿಲ್ಲ ಎಂದಲ್ಲ. ಒಮ್ಮೆ ವಿದ್ಯುತ್ ಕಡಿದರೆ ಯಂತ್ರದೊಳಗಿನ ನಿರ್ವಾತ ಕೆಡುತ್ತದೆ, ನಡೆಯುತ್ತಿದ್ದ ಪ್ರಯೋಗ ಹಾಳಾಗುತ್ತದೆ. ಯುಪಿಎಸ್, ಜನರೇಟರ್ ಎರಡೂ ಬೇಕು. ನೀರು ಲವಣವೆಲ್ಲ ತೆಗೆದ ಅತಿ ಶುದ್ಧ ನೀರಾಗಬೇಕು. ಗಡಸು ನೀರಿನ ಬೋರ್‌ವೆಲ್, ನಳದ ನೀರಿಗೆ ದಿನಗಟ್ಟಲೆ ಕಾಯುವ ಊರು ಎಂದ ಮೇಲೆ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

5. ವಿಷ ಎಲ್ಲಿಗೆ ಹೋಗುತ್ತದೆ? ಚಿಪ್ ಕೆಲಸದಲ್ಲಿ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಮೈಯ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಜೀವಕ್ಕೇ ಅಪಾಯ. ಸೈಲೇನ್ ಎಂಬ ಅನಿಲ ಗಾಳಿಗೆ ತಾಗಿದರೆ ತಾನಾಗಿ ಹೊತ್ತಿಕೊಳ್ಳಬಹುದು. ಅನಿಲ ಸೋರಿಕೆಯ ಎಚ್ಚರಿಕೆ ಗಂಟೆ, ತ್ಯಾಜ್ಯ ನೀರಿನ ಸಂಸ್ಕರಣೆ, ಹತ್ತಿರದ ಆಸ್ಪತ್ರೆಗೆ ಮುಂಚಿತ ಮಾಹಿತಿ ಇಲ್ಲದೆ ಇಂಥ ಲ್ಯಾಬ್ ತೆರೆಯಕೂಡದು. ಅಂತರ್ಜಲವನ್ನೇ ಕುಡಿಯುವ ಊರುಗಳು ಸುತ್ತ ಇರುವಾಗ ಇದು ಮೊದಲ ಪ್ರಶ್ನೆಯಾಗಬೇಕು.

6. ನಡೆಸುವವರು ಯಾರು? ಒಳ್ಳೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಆಪರೇಟರ್ ತಯಾರಾಗಲು ವರ್ಷಗಳು ಬೇಕು. ಆರು ತಿಂಗಳ ಗುತ್ತಿಗೆಯಲ್ಲಿ ಬಂದು ಹೋಗುವವರಿಂದ ಇದು ಆಗದು. ಪಗಾರ ಸರಿಯಾಗಿ ಬರುವ, ಕಾಯಂ ತಂತ್ರಜ್ಞರ ಹುದ್ದೆ ಯೋಜನೆಯಲ್ಲೇ ಇರಬೇಕು.

7. ಕೆಟ್ಟರೆ ದುಡ್ಡು ಎಲ್ಲಿಂದ? ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದ ಬೇಕಾಗುತ್ತದೆ. ಸಾಮಾನ್ಯ ಅಂದಾಜಿನಂತೆ ಅದು ಯಂತ್ರದ ಬೆಲೆಯ ಶೇ. 5ರಿಂದ 10. ಅಂದರೆ ಎರಡು ಕೋಟಿಯ ಯಂತ್ರಕ್ಕೆ ವರ್ಷಕ್ಕೆ 10ರಿಂದ 20 ಲಕ್ಷ ರೂಪಾಯಿ. ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ, ನಿರ್ವಹಣೆಗೆ ಅಷ್ಟು ಸುಲಭವಾಗಿ ಸಿಗದು. ಹಂಚಿಕೆಯ ಲ್ಯಾಬ್‌ಗಳು ಬಳಕೆ ಶುಲ್ಕ ಇಡುವುದು ಇದಕ್ಕೇ. ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಕಡಿಮೆ, ಕಂಪನಿಗಳಿಗೆ ಹೆಚ್ಚು.

ಇವಿಷ್ಟರ ಮೇಲೆ ಸರದಿಯ ನಿಯಮ. ಯಾರ ಮಾದರಿ ಮೊದಲು ಎಂಬುದು ಎಲ್ಲರಿಗೂ ಕಾಣುವಂತೆ ಇರಬೇಕು. ಯಂತ್ರ ಇರುವ ವಿಭಾಗದವರಿಗೇ ಸದಾ ಮೊದಲ ಪಾಳಿ ಎಂದಾದರೆ ಹೆಸರಿಗೆ ಮಾತ್ರ ಅದು ಹಂಚಿಕೆ. ತಿಂಗಳಲ್ಲಿ ಯಂತ್ರ ಎಷ್ಟು ದಿನ ನಡೆಯಿತು, ಎಷ್ಟು ದಿನ ಕೆಟ್ಟಿತ್ತು, ಹೊರಗಿನವರ ಎಷ್ಟು ಮಾದರಿ ನೋಡಿತು ಎಂಬ ಮೂರು ಅಂಕಿ ಪ್ರಕಟಿಸಿದರೆ ಜನರ ಹಣದ ಲೆಕ್ಕ ಜನರಿಗೆ ಸಿಗುತ್ತದೆ.

ಹಾಗಾದರೆ ಗದಗಕ್ಕೆ ಏನು ಹೊಂದುತ್ತದೆ?

ಆಸ್ಪತ್ರೆಯ ವ್ಯವಸ್ಥೆ ನೆನಪಿಸಿಕೊಳ್ಳಿ. ಜ್ವರಕ್ಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕಿಂತ ಹೆಚ್ಚಿನದಕ್ಕೆ ಶಿರಹಟ್ಟಿ ಅಥವಾ ಮುಂಡರಗಿಯ ತಾಲ್ಲೂಕು ಆಸ್ಪತ್ರೆ, ಆಮೇಲೆ ಗದಗದ ಜಿಮ್ಸ್, ಅಲ್ಲೂ ಆಗದಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ಎಲ್ಲ ಊರಿಗೂ ಹೃದಯ ಶಸ್ತ್ರಚಿಕಿತ್ಸೆಯ ಕೋಣೆ ಬೇಡ. ಆದರೆ ಮೇಲಿನ ಹಂತಕ್ಕೆ ಕಳಿಸುವ ದಾರಿ ಮಾತ್ರ ಎಲ್ಲ ಊರಲ್ಲೂ ಗಟ್ಟಿಯಾಗಿರಬೇಕು.

ಲ್ಯಾಬ್‌ಗೂ ಹಾಗೆಯೇ ಮೂರು ಹಂತ ಸಾಕು. ದಿನನಿತ್ಯ ಬೇಕಾಗುವ, ಮಧ್ಯಮ ಬೆಲೆಯ ಉಪಕರಣಗಳು ಜಿಲ್ಲೆಯಲ್ಲೇ ಇರಲಿ: ಮಾದರಿ ತಯಾರಿಸುವ ಬೆಂಚು, ಸೆಂಟ್ರಿಫ್ಯೂಜ್, ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್, ಬಳಸುವವರು ಸಾಕಷ್ಟಿದ್ದರೆ ಮೇಜಿನ ಮೇಲೆ ಕೂರುವ ಚಿಕ್ಕ ಎಸ್‌ಇಎಂ. ದೊಡ್ಡ ವಿಶ್ಲೇಷಣೆಗೆ ಧಾರವಾಡ. ಚಿಪ್ ತಯಾರಿಕೆಯಂಥ ಕ್ಲೀನ್‌ರೂಮ್ ಕೆಲಸಕ್ಕೆ ಬೆಂಗಳೂರು. ಗದಗದ ಕೇಂದ್ರದಲ್ಲಿ ಇರಲೇಬೇಕಾದ ಇನ್ನೊಂದು, ಮಾದರಿಯನ್ನು ಸರಿಯಾಗಿ ಪ್ಯಾಕ್ ಮಾಡಿ, ಫಾರಂ ತುಂಬಿಸಿ, ಮೇಲಕ್ಕೆ ಕಳಿಸಿ, ಬಂದ ಫಲಿತಾಂಶವನ್ನು ಓದಿ ಹೇಳಬಲ್ಲ ಒಬ್ಬ ವ್ಯಕ್ತಿ. ಆ ಒಬ್ಬರ ಪಗಾರ ಒಂದು ದೊಡ್ಡ ಯಂತ್ರದ ಬೆಲೆಗಿಂತ ಬಹಳ ಕಡಿಮೆ.

ಒಂದು ಉದಾಹರಣೆ: ಮುಂಡರಗಿಯ ನೀರು

ಗದಗ ಜಿಲ್ಲೆಯ ಹಲವು ಕಡೆ, ಅದರಲ್ಲೂ ಮುಂಡರಗಿ ಭಾಗದಲ್ಲಿ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ, ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ-ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು ತಪ್ಪು. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ.

ಅಲ್ಲಿನ ಒಬ್ಬ ಎಂ.ಎಸ್ಸಿ ವಿದ್ಯಾರ್ಥಿನಿ ಫ್ಲೋರೈಡ್ ಹೀರುವ ಒಂದು ಪುಡಿ ತಯಾರಿಸಿದಳು ಎಂದುಕೊಳ್ಳಿ. ಅವಳ ಮುಂದೆ ನಾಲ್ಕು ಪ್ರಶ್ನೆಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಉಪಕರಣ.

ಪುಡಿಯ ಹರಳಿನ ರಚನೆ ಏನು? ಎಕ್ಸ್-ರೇ ಡಿಫ್ರಾಕ್ಷನ್ ಹೇಳುತ್ತದೆ.
ಕಣದ ಗಾತ್ರ, ಆಕಾರ ಏನು? ಎಸ್‌ಇಎಂ ಅಥವಾ ಟಿಇಎಂ ಹೇಳುತ್ತದೆ.
ಒಂದು ಗ್ರಾಂ ಪುಡಿಗೆ ಎಷ್ಟು ಮೇಲ್ಮೈ ಇದೆ? ಅನಿಲ ಹೀರಿಕೆಯ ಯಂತ್ರ ಹೇಳುತ್ತದೆ.
ನೀರಿನ ಫ್ಲೋರೈಡ್ ನಿಜಕ್ಕೂ ಇಳಿಯಿತೇ, ಪುಡಿಯ ಅಂಶ ನೀರಿಗೆ ಬಿಟ್ಟಿತೇ? ಇದು ನೀರಿನ ಪರೀಕ್ಷೆ.

ಕೊನೆಯದೇ ಊರಿಗೆ ಮುಖ್ಯವಾದ ಪ್ರಶ್ನೆ. ಫ್ಲೋರೈಡ್ ಇಳಿಯಿತೇ ಎಂದು ನೋಡಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ, ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಇರುವ ಸಾಮಾನ್ಯ ಲ್ಯಾಬ್ ಸಾಕು. ಮೊದಲ ಮೂರಕ್ಕೆ ಮಾತ್ರ ಹಂಚಿಕೆಯ ಲ್ಯಾಬ್ ಬೇಕು. ಹೀಗೆ ಪ್ರಶ್ನೆಯನ್ನು ಬಿಡಿಸಿಕೊಂಡರೆ ಖರ್ಚೂ ಓಡಾಟವೂ ಕಡಿಮೆಯಾಗುತ್ತವೆ.

ಬಳಸಬೇಕೆನ್ನುವ ವಿದ್ಯಾರ್ಥಿಗಳು ಮಾಡಬೇಕಾದದ್ದು:

• ಐ-ಸ್ಟೆಮ್‌ನಲ್ಲಿ ಅಥವಾ ಧಾರವಾಡದ ಸೈಫ್‌ನಲ್ಲಿ ಬೇಕಾದ ಯಂತ್ರ ಇದೆಯೇ, ಈಗ ನಡೆಯುತ್ತಿದೆಯೇ ಎಂದು ವಿಚಾರಿಸಿ. ಶುಲ್ಕ ಕೇಳಿ.
• ನಿಮ್ಮ ಮಾರ್ಗದರ್ಶಕರ ಸಹಿ ಮತ್ತು ಕಾಲೇಜಿನ ಪತ್ರ ತೆಗೆದುಕೊಳ್ಳಿ.
• ಮಾದರಿ ಒಣಗಿರಲಿ. ವಿಷಕಾರಿಯೇ, ಕಾಂತಗುಣ ಇದೆಯೇ ಎಂದು ಮುಚ್ಚಿಡದೆ ಬರೆಯಿರಿ. ಕಾಂತಗುಣದ ಪುಡಿ ಮೈಕ್ರೋಸ್ಕೋಪ್ ಒಳಗೆ ಹಾರಿದರೆ ಯಂತ್ರವೇ ಕೆಡಬಹುದು.
• ಡಬ್ಬಿಯ ಮೇಲೆ ಹೆಸರು, ದಿನಾಂಕ, ಮಾದರಿಯ ಸಂಖ್ಯೆ ಬರೆಯಿರಿ.
• ಚಿತ್ರ ಮಾತ್ರವಲ್ಲ, ಮೂಲ ಡೇಟಾ ಫೈಲ್ ಕೂಡ ಕೇಳಿ ಪಡೆಯಿರಿ.

ತಪ್ಪು ತಿಳಿವಳಿಕೆ ಮತ್ತು ನಿಜ

‘ದೊಡ್ಡ ಲ್ಯಾಬ್‌ಗಳು ವಿಜ್ಞಾನಿಗಳಿಗೆ ಮಾತ್ರ.’ ತಪ್ಪು. ಹಂಚಿಕೆಯ ಕೇಂದ್ರಗಳು ಬೇರೆ ಕಾಲೇಜಿನ ವಿದ್ಯಾರ್ಥಿಗಳಿಗೂ ಸಣ್ಣ ಉದ್ಯಮಗಳಿಗೂ ತೆರೆದಿವೆ. ನಿಯಮ ಮತ್ತು ಶುಲ್ಕ ಇರುತ್ತದೆ, ಬಾಗಿಲು ಮುಚ್ಚಿರುವುದಿಲ್ಲ.

‘ಬಿಳಿ ಸೂಟು ಹಾಕುವುದು ಒಳಗೆ ವಿಕಿರಣ ಇರುವುದರಿಂದ.’ ತಪ್ಪು. ಕ್ಲೀನ್‌ರೂಮ್ ಸೂಟು ಇರುವುದು ನಮ್ಮ ಚರ್ಮದ ಹೊಟ್ಟು, ಕೂದಲು, ಬಟ್ಟೆಯ ನೂಲು ಚಿಪ್ ಮೇಲೆ ಬೀಳದಿರಲಿ ಎಂದು. ಹಳದಿ ದೀಪ ಹಚ್ಚುವುದೂ ಭಯಕ್ಕಲ್ಲ, ಅಲ್ಲಿ ಬಳಸುವ ಲೇಪ ನೀಲಿ ಮತ್ತು ನೇರಳಾತೀತ ಬೆಳಕಿಗೆ ಕೆಡುತ್ತದೆ ಎಂದು.

‘ಬಣ್ಣದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಇದೆ, ಆದ್ದರಿಂದ ನಿಜ.’ ಎಚ್ಚರ. ಎಲೆಕ್ಟ್ರಾನ್ ಚಿತ್ರ ಕಪ್ಪು-ಬಿಳುಪು. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿರುತ್ತಾರೆ. ಅದು ತಪ್ಪಲ್ಲ, ಆದರೆ ಸಾಕ್ಷಿಯೂ ಅಲ್ಲ. ನಂಬುವ ಚಿತ್ರದಲ್ಲಿ ಅಳತೆಯ ಗೆರೆ ಇರುತ್ತದೆ, ಯಾವ ಲ್ಯಾಬ್‌ನದು ಎಂದು ತಿಳಿಸಿರುತ್ತಾರೆ.

‘ಲ್ಯಾಬ್ ನ್ಯಾನೋ ಎಂದು ಹೇಳಿದೆ, ಆದ್ದರಿಂದ ಉತ್ಪನ್ನ ಒಳ್ಳೆಯದು.’ ಇವೆರಡೂ ಬೇರೆ. ಮೈಕ್ರೋಸ್ಕೋಪ್ ಹೇಳುವುದು ಗಾತ್ರ ಮಾತ್ರ. ಉದಾಹರಣೆಗೆ, 2021ರಿಂದ ಮಾರಾಟದಲ್ಲಿರುವ 500 ಮಿಲಿಲೀಟರ್ ನ್ಯಾನೋ ಯೂರಿಯಾ ಬಾಟಲಿಯಲ್ಲಿ ಕಣ ಎಷ್ಟು ಸಣ್ಣದು ಎಂಬುದಕ್ಕೆ ಲ್ಯಾಬ್ ಉತ್ತರ ಕೊಡುತ್ತದೆ. ಹೊಲದಲ್ಲಿ ಇಳುವರಿ ಬರುತ್ತದೆಯೇ ಎಂಬುದಕ್ಕೆ ಹಂಗಾಮುಗಟ್ಟಲೆ ನಡೆಸಿದ ಹೊಲದ ಪ್ರಯೋಗವೇ ಉತ್ತರ.

ಫಾರ್ವರ್ಡ್ ಮಾಡುವ ಮುನ್ನ

‘ನ್ಯಾನೋ’ ಎಂದು ಬಂದ ಸಂದೇಶಕ್ಕೆ ಮೂರು ಪ್ರಶ್ನೆ ಕೇಳಿ. ಯಾರು ಅಳೆದರು? ಯಾವ ಯಂತ್ರದಲ್ಲಿ? ಅಳೆದದ್ದು ಗಾತ್ರವೋ, ಪರಿಣಾಮವೋ? ಉತ್ತರವಿಲ್ಲದಿದ್ದರೆ ಮುಂದೆ ಕಳಿಸಬೇಡಿ.

ಹಾಗೆಯೇ ‘ನಮ್ಮೂರಿಗೆ ಲ್ಯಾಬ್ ಬರುತ್ತದೆ’ ಎಂಬ ಸುದ್ದಿ ಬಂದರೆ ಸಂತೋಷಪಡಿ, ಜೊತೆಗೆ ಕೇಳಿ: ತಂತ್ರಜ್ಞರ ಹುದ್ದೆ ಎಷ್ಟು, ನಿರ್ವಹಣೆಗೆ ವರ್ಷಕ್ಕೆ ಎಷ್ಟು ಹಣ, ತ್ಯಾಜ್ಯ ಎಲ್ಲಿಗೆ, ಹೊರಗಿನವರಿಗೆ ಸರದಿ ಹೇಗೆ?

ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ವಿಜ್ಞಾನ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅಥವಾ ಪರಿಚಯದಲ್ಲಿದ್ದರೆ ಈ ಲೇಖನವನ್ನು ಅವರಿಗೆ ಕಳಿಸಿ. ಧಾರವಾಡದ ಯಂತ್ರದ ಮೇಲೆ ಅವರಿಗೂ ಸರದಿ ಇದೆ ಎಂಬುದು ಅವರಿಗೆ ಗೊತ್ತಿರಲಿ.